ರುಚಿಯ ಕೋಣೆಯ ಅಕ್ಕಾರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆಯಬೇಕಾಗಿರುವುದು ಅವರ ಮೈಯ ಬಗ್ಗೆ, ಅವರ ಊಟದ ಬಗ್ಗೆ. ಬದುಕಿದ್ದಷ್ಟು ದಿನ ಆ ಎರಡರ ಬಗ್ಗೆಯೂ ಜನ ಅವರೆದುರಿಗೇ ಬೇಕಾದ ಹಾಗೆ ಮಾತಾಡಿದರು. ಈಗ ನಾನೂ ಹೆಸರು ಹಿಡಿದು ಮಾತಾಡುವುದು ಬೇಡ. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಇಲ್ಲಿಯೂ ಅಷ್ಟೇ ಇರಲಿ.

ಅಕ್ಕಾರು ತೀರಿಕೊಂಡ ಮೂರನೆಯ ದಿನ ಕಾಚಿಗೂಡದ ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗದ ಅವರು ಅಲ್ಲಿ ಒಬ್ಬರೇ ಇದ್ದರು. ಕಲಬುರಗಿಯಿಂದ ತಮ್ಮ, ತಮ್ಮನ ಹೆಂಡತಿ ಬಂದಿದ್ದರು. ಓಣಿಯ ಹೆಂಗಸರು ನಾಲ್ಕೈದು ಜನ ಚಾಪೆಯ ಮೇಲೆ ಕುಳಿತಿದ್ದರು. ಕೆಳಗಿನ ಮನೆಯ ಹಿರಿಯ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು:

"ಬಾಯಿ ಒಂದು ಕಟ್ಟಿದ್ದರ ಇನ್ನೂ ಹತ್ತು ವರ್ಷ ಎಲ್ಲೂ ಹೋಗ್ತಿರಲಿಲ್ಲ ಆಕಿ."

"ಎಷ್ಟು ಹೇಳಿದ್ರೂ ಕೇಳಲಿಲ್ರಿ," ಎಂದರು ಇನ್ನೊಬ್ಬರು. "ತಿನ್ನೋರ ಕೈ ಯಾರು ಹಿಡಿಯೂದು?"

ಎಲ್ಲರೂ ತಲೆಯಾಡಿಸಿದರು. ಆಮೇಲೆ ಹಿರಿಯ ಹೆಂಗಸು ನನ್ನ ಕಡೆ ತಿರುಗಿ, "ನೀವರ ಪಾಪ ಏನು ಕಡಿಮಿ ಮಾಡಿದ್ರೇನು? ದಿನಾ ಡಬ್ಬಿ ಕಟ್ಟಿ ಕಳಿಸಿದ್ರಿ," ಎಂದರು.

ನನಗೆ ನಾಲ್ಕು ಜನರೊಳಗೆ ಮಾತು ಬರುವುದಿಲ್ಲ. ಆದರೆ ಬಾಯಿ ಕಟ್ಟಲಿಲ್ಲ ಎಂಬ ಆ ಮಾತು ತಪ್ಪೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಮಾತನ್ನು ಎಲ್ಲರಿಗಿಂತ ಜೋರಾಗಿ ಅಕ್ಕಾರ ಮುಖಕ್ಕೇ ಆಡಿದವಳೂ ನಾನೇ. ಕ್ಷಮೆ ಕೇಳುವುದು ಉಳಿದುಹೋಗಿತ್ತು. ಎದುರಿಗೆ ಅವರ ಫೋಟೋ, ಅದಕ್ಕೊಂದು ಹಾರ. ಕೇಳುವುದು ಯಾರನ್ನು?

ಅಕ್ಕಾರು ನನಗೆ ಸಿಕ್ಕಿದ್ದು ಕೆಲಸದ ಜಾಗದಲ್ಲಿ. ಜನರ ಆಹಾರದ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆ ಅದು. ನನ್ನ ಗಂಡ ಅಲ್ಲಿ ಡ್ರೈವರ್ ಆಗಿದ್ದರು. ಅವರು ಹೋದ ಮೇಲೆ ಹತ್ತನೆಯ ತರಗತಿ ಓದಿದ್ದ ನನಗೆ ಅಲ್ಲೇ ಅಟೆಂಡರ್ ಕೆಲಸ ಕೊಟ್ಟರು. ನನ್ನನ್ನು ಹಾಕಿದ್ದು ಎರಡನೆಯ ಮಹಡಿಯ ಒಂದು ಕೋಣೆಗೆ. ಅದರ ಇಂಗ್ಲಿಷ್ ಹೆಸರು ಉದ್ದವಾಗಿತ್ತು. ಅಕ್ಕಾರು ರುಚಿಯ ಕೋಣೆ ಎನ್ನುತ್ತಿದ್ದರು. ಬಿಳಿ ಗೋಡೆ, ಬಿಳಿ ಮೇಜು, ಸಾಲಾಗಿ ಬೇಸಿನ್‌ಗಳು. ಅಲ್ಲಿ ಯಾವ ವಾಸನೆಯೂ ಇರಬಾರದು. ಊದುಬತ್ತಿ ಹಚ್ಚುವಂತಿಲ್ಲ, ಡಬ್ಬಿ ತೆಗೆಯುವಂತಿಲ್ಲ. ಪರೀಕ್ಷೆಗೆ ಬಂದವರ ನಾಲಿಗೆಯ ಮೇಲೆ ಸಣ್ಣ ಕಾಗದದ ಚೂರು ಇಟ್ಟು ಏನು ರುಚಿ ಹತ್ತಿತು ಎಂದು ಕೇಳಿ ಬರೆದುಕೊಳ್ಳುವುದು ಅಕ್ಕಾರ ಕೆಲಸ. ಬಂದವರಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಕಪ್ಪು ತೊಳೆದಿಡುವುದು ನನ್ನ ಕೆಲಸ.

ಮೊದಲ ದಿನ ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ ಬಾಚಿಕೊಂಡು ಹೋಗಿದ್ದೆ. ಬಾಗಿಲ ತುಂಬ ನಿಂತಿದ್ದ ಒಬ್ಬ ದಪ್ಪ ಹೆಂಗಸು ಮೂಗು ಎತ್ತಿ, ತೆಲುಗಿನಲ್ಲಿ, "ನೂನೆ ವಾಸನ ವಸ್ತೋಂದಿ," ಎಂದರು. ಎಣ್ಣೆ ವಾಸನೆ ಬರುತ್ತಿದೆ, ತಲೆ ತೊಳೆದುಕೊಂಡು ಬಾ ಎಂದು. ನಾನು ತಿರುಗಿ ಹೋಗುತ್ತ, "ಶಿವನೇ, ಮೊದಲ ದಿನಾನ ತಪ್ಪಾತು," ಎಂದು ಗೊಣಗಿಕೊಂಡೆ. ಹಿಂದಿನಿಂದ ನಗು ಕೇಳಿಸಿತು.

"ಯಾವೂರಾಕಿ ನೀನು?"

"ಸೇಡಂ ರೀ."

"ಮೊದಲ ಹೇಳಬಾರದೇನ? ನಾ ಸುಮ್ಮ ತೆಲುಗು ಖರ್ಚು ಮಾಡಾಕತ್ತೀನಿ. ಹೋಗು, ತೊಳಕೊಂಡು ಬಾ. ಆಮ್ಯಾಲ ನಿನ್ನ ನಾಲಿಗಿ ನೋಡೂನು."

ಅವತ್ತು ಮಧ್ಯಾಹ್ನ ನನ್ನ ನಾಲಿಗೆಯ ಮೇಲೆ ಮೊದಲ ಕಾಗದ ಇಟ್ಟರು. ಏನೂ ಅನಿಸಲಿಲ್ಲ. ಅದು ಬರಿ ಕಾಗದ, ಹೋಲಿಸಿ ನೋಡುವುದಕ್ಕೆ. ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು ಇಟ್ಟರು. ನಾನು ಎದ್ದು ಬೇಸಿನ್ನಿಗೆ ಓಡಿದೆ. ಕಣ್ಣಲ್ಲಿ ನೀರು ಬಂತು. ಎಂಟು ಸಲ ಮುಕ್ಕಳಿಸಿದರೂ ಆ ಕಹಿ ಹೋಗಲಿಲ್ಲ. ತಿರುಗಿ ನೋಡಿದರೆ ಅಂಥದೇ ಕಾಗದ ಅಕ್ಕಾರ ನಾಲಿಗೆಯ ಮೇಲಿತ್ತು. ಕಲ್ಲುಸಕ್ಕರೆ ಇಟ್ಟುಕೊಂಡವರ ಹಾಗೆ ಅದನ್ನು ಬಾಯಲ್ಲಿಟ್ಟುಕೊಂಡು ಅವರು ಫಾರ್ಮು ತುಂಬುತ್ತಿದ್ದರು.

"ನನಗ ಎರಡೂ ಬರೇ ಕಾಗದಾನ," ಎಂದರು. "ಹುಟ್ಟುವಾಗ ಅವ್ವಂದೊಂದು ಚೀಟಿ, ಅಪ್ಪಂದೊಂದು ಚೀಟಿ ಬರತೈತಿ. ಒಂದರಾಗರ ಬರದಿತ್ತಂದ್ರ ಈ ಕಹಿ ಗೊತ್ತಾಗತೈತಿ. ನನಗ ಎರಡೂ ಖಾಲಿ ಚೀಟಿ ಬಂದಾವು. ನಿನಗ ಬಹುಶಃ ಎರಡೂ ತುಂಬಿದ್ದು."

"ಹಂಗಾರ ನಿಮಗ ಕಹೀನ ಗೊತ್ತಾಗಂಗಿಲ್ಲೇನ್ರಿ?"

"ಹಾಗಲಕಾಯಿ ಕಹಿ ಗೊತ್ತಾಗತೈತಿ. ಎಲ್ಲಾ ಕಹಿಗೂ ಒಂದ ಬಾಗಿಲಿರಂಗಿಲ್ಲ ತಂಗಿ. ಈ ಬಾಗಿಲು ನನಗಿಲ್ಲ, ಅಷ್ಟ."

ಅವರು ಕೂರುವ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಹೊಸ ಕುರ್ಚಿ ಕಂಡರೆ ಮೊದಲು ಕೈಯಿಂದ ಅದರ ಬೆನ್ನು ಹಿಡಿದು ಒಮ್ಮೆ ಅಲುಗಾಡಿಸುವರು. ಯಾರಾದರೂ ನೋಡುತ್ತಿದ್ದರೆ ಧೂಳು ಒರೆಸಿದ ಹಾಗೆ ಮಾಡುವರು. ಬಸ್ ಸಿಗದ ದಿನ ನಾವಿಬ್ಬರೂ ಆಟೋಗೆ ನಿಂತರೆ, ಒಂದು ಸೀಟಿದ್ದ ಆಟೋಗಳನ್ನೆಲ್ಲ ಬಿಟ್ಟುಬಿಡುತ್ತಿದ್ದರು. "ನೀ ಹೋಗು, ನಾ ಖಾಲಿದು ಬಂದಮ್ಯಾಲ ಬರ್ತೀನಿ," ಎನ್ನುತ್ತಿದ್ದರು. ನಾನು ಎಷ್ಟೋ ದಿನ ಹೋಗಿಬಿಟ್ಟಿದ್ದೇನೆ.

ಸಂಸ್ಥೆಯಲ್ಲಿ ಅವರ ಮೈ ಬಗ್ಗೆ ಮಾತು ನಡೆದೇ ಇರುತ್ತಿತ್ತು. ಪರೀಕ್ಷೆಗೆ ಬಂದವರಲ್ಲೂ ಕೆಲವರು ಬಾಯಿ ಬಿಟ್ಟೇ ಕೇಳುವರು: "ಇಲ್ಲೇ ಕೆಲಸ ಮಾಡ್ತೀರಿ, ಊಟದ ಬಗ್ಗೆ ಎಲ್ಲಾ ಗೊತ್ತಿರತೈತಿ, ನೀವ ಹಿಂಗ?" ಅಕ್ಕಾರು ಪೆನ್ನು ಕೆಳಗಿಡದೆ, "ಕಣ್ಣಿನ ಡಾಕ್ಟರು ಕನ್ನಡಕ ಹಾಕಂಗಿಲ್ಲೇನ್ರಿ?" ಎನ್ನುವರು. ವರ್ಷಕ್ಕೊಮ್ಮೆ ಎಲ್ಲರ ತೂಕ ನೋಡುವಾಗ ತಾವೇ ಮೊದಲು ಹೇಳುವರು: "ಕಾಟಾ ಗಾಬರಿ ಆದೀತು, ಸಮಾಧಾನ ಮಾಡ್ರಿ ಅದಕ್ಕ." ಎಲ್ಲರೂ ನಗುವರು. ಅವರೂ ನಗುವರು. ಇಳಿಯುವಾಗ ಮಾತ್ರ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುತ್ತಿರಲಿಲ್ಲ.

ನಾನು ತೆಳ್ಳಗಿದ್ದೇನೆ. ಮದುವೆಯಲ್ಲಿ ಹೊಲಿಸಿದ ಕುಪ್ಪಸ ಐವತ್ತು ದಾಟಿದ ಮೇಲೂ ಹಿಡಿಸುತ್ತಿತ್ತು. "ಈಕಿನ್ನ ನೋಡಿ ಕಲೀರಿ, ಹೆಂಗ ಅಂಕೆಯೊಳಗ ಇಟ್ಟಾಳ ಮೈನ," ಎಂದು ಅಕ್ಕಾರ ಎದುರಿಗೇ ಜನ ನನ್ನನ್ನು ಹೊಗಳುವರು. ನಾನು ಬೇಡವೆನ್ನುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಏನನ್ನೂ ಅಂಕೆಯಲ್ಲಿ ಇಟ್ಟಿರಲಿಲ್ಲ. ಎಣ್ಣೆ ಕಂಡರೆ ನನಗೆ ಓಕರಿಕೆ, ಖಾರ ನಾಲಿಗೆ ಸುಡುತ್ತದೆ, ಎಲೆಕೋಸು ಸಹ ಕಹಿ. ತಿನ್ನಬೇಕೆನಿಸುವುದೇ ಕಡಿಮೆ. ಬೇಡವಾದದ್ದನ್ನು ಬಿಟ್ಟದ್ದಕ್ಕೆ ಜನ ನನ್ನನ್ನು ಹೊಗಳಿದರು. ನಾನು ನಂಬಿದೆ.

ಅಕ್ಕಾರದೊಂದು ಮಾತಿತ್ತು. ಬಂದವರು ಯಾರೇ ಇರಲಿ, ಕಾಗದ ಇಡುವ ಮೊದಲು ಅವರವರ ಭಾಷೆಯಲ್ಲಿ ಅದನ್ನು ಹೇಳುವರು: "ನಿಮ್ಮ ನಾಲಿಗಿ ನಿಮ್ದು. ತಪ್ಪು ಉತ್ತರ ಅನ್ನೂದು ಇಲ್ಲಿ ಇಲ್ಲ." ಪರೀಕ್ಷೆಗೆಂದು ಹೆದರಿ ಬಂದವರ ಭುಜ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಮ್ಮೆ ಬೇಗಂಪೇಟೆಯಿಂದ ಬೀದರ್ ಕಡೆಯ ಅತ್ತೆ ಸೊಸೆ ಬಂದಿದ್ದರು. ಒಂದೇ ಮನೆಯವರು ಇಬ್ಬರು ಬೇಕೆಂದು ಕರೆಸಿದ್ದು. ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕುಳಿತರು. ಅಕ್ಕಾರು ಕನ್ನಡದವರೆಂದು ತಿಳಿದದ್ದೇ ಅತ್ತೆ ಶುರು ಮಾಡಿದರು.

"ನೋಡ್ರಿ ಮೇಡಂ, ಈಕಿ ಬೇಕಂತಾನ ಮೂಲಂಗಿ ತಪ್ಪಲದ ಪಲ್ಯಾ ಮಾಡ್ತಾಳ. ಕಹಿ ಆಗೈತಿ ಅಂದ್ರ, ಎಲ್ಲೈತಿ ಕಹಿ ಅಂತ ನನ್ನ ಮುಂದ ಕುಂತು ಎರಡೆರಡು ಸಲ ಹಾಕ್ಕೊಂಡು ತಿಂತಾಳ."

"ಇಲ್ಲದ ಕಹಿ ನಾ ಎಲ್ಲಿಂದ ತರ್ಲಿ ಮೇಡಂ? ಎಂಟು ವರ್ಷದಿಂದ ಇದ ಜಗಳ ನಮ್ಮನ್ಯಾಗ."

ಇಬ್ಬರಿಗೂ ಎರಡನೆಯ ಕಾಗದ ಇಟ್ಟರು. ಅತ್ತೆ ಮುಖ ಕಿವುಚಿ ಬೇಸಿನ್ನಿಗೆ ಹೋದರು. ಸೊಸೆ ನಾಲಿಗೆ ಚಾಚಿ ಹಾಗೇ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಾಗದ ಕೈಗೆ ತೆಗೆದುಕೊಂಡು, "ಮತ್ತ ಕಹೀದು ಯಾವಾಗ ಕೊಡ್ತೀರಿ ಮೇಡಂ?" ಎಂದು ಕೇಳಿದಳು.

"ಅದ ರೀ ಕಹೀದು. ನಿಮ್ಮ ಕೈಯಾಗ ಐತಲ್ಲ."

ಅತ್ತೆ ಮುಖ ಒರೆಸಿಕೊಳ್ಳುತ್ತ ಬಂದು ಸೊಸೆಯನ್ನೇ ನೋಡಿದರು. "ಖರೇನ ಏನೂ ಹತ್ತಲಿಲ್ಲೇನ ನಿನಗ?"

"ಇಲ್ರಿ ಅತ್ತಿ. ನಿಮ್ಮಾಣಿ."

"ನೋಡ್ರಿ," ಎಂದರು ಅಕ್ಕಾರು, "ಇಬ್ಬರೂ ಸುಳ್ಳು ಹೇಳಿಲ್ಲ. ಒಂದ ಬೋಗಾಣಿಯೊಳಗಿನ ಪಲ್ಯಾ ಎಂಟು ವರ್ಷ ಬ್ಯಾರೆ ಬ್ಯಾರೆ ಉಂಡೀರಿ."

"ಹಂಗಾರ ಇಷ್ಟು ದಿನ ನಾ ಸುಮ್ಮ ಬೈದೆ ಅಂತೀರೇನು?"

"ಸುಮ್ಮ ಯಾಕ ಬೈತೀರಿ. ಮೂಲಂಗಿಗೆ ಬೈಯೋದು ಸೊಸಿಗೆ ಬೈದ್ರಿ, ಅಷ್ಟ ಆತು."

ಅತ್ತೆಗೆ ನಗು ತಡೆಯಲಾಗಲಿಲ್ಲ. ಹೋಗುವಾಗ ಸೊಸೆ ಅವರ ಮೊಣಕೈ ಹಿಡಿದು ಮೆಟ್ಟಿಲಿಳಿಸಿದಳು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದೆ. ಮನೆಗೆ ಹೋಗಿ ನೆನಸಿಕೊಂಡು ನಕ್ಕೆ. ಆಮೇಲೆ ಅದೇ ತಪ್ಪನ್ನು, ಅದಕ್ಕಿಂತ ದೊಡ್ಡದಾಗಿ, ನಾನೇ ಮಾಡಿದೆ.

ಒಂದು ದಿನ ನಾನೇ ಕೇಳಿದ್ದೆ, ನಾಲಿಗೆ ಹೀಗಿರುವುದರಿಂದಲೇ ಅವರು ದಪ್ಪಗಾದರೇ ಎಂದು. ಅಕ್ಕಾರು ಪೆನ್ನು ಕೆಳಗಿಟ್ಟು ಉತ್ತರ ಕೊಟ್ಟರು. ಕಹಿ ಕಡಿಮೆ ಹತ್ತುವವರಿಗೆ ಎಣ್ಣೆ, ಬೆಣ್ಣೆ ಹೆಚ್ಚು ಬೇಕೆನಿಸುತ್ತದೆ, ಮೈ ಬರುತ್ತದೆ ಎಂದು ಕೆಲವು ಸಂಶೋಧನೆಗಳಲ್ಲಿ ಕಂಡಿದೆಯಂತೆ. ಬೇರೆ ಕೆಲವರು ಹುಡುಕಿದರೆ ಅಂಥ ಸಂಬಂಧವೇ ಸಿಕ್ಕಿಲ್ಲವಂತೆ. "ನಾಲಿಗಿ ಒಂದು ಬಾಗಿಲು ತಂಗಿ, ಪೂರಾ ಮನಿ ಅಲ್ಲ. ನಮ್ಮ ಮನಿ ಪದ್ಧತಿ ಐತಿ, ನಿದ್ದಿ ಐತಿ, ಚಿಂತಿ ಐತಿ, ಮೈಯಾಗ ಇನ್ನ ಏನೇನೈತೋ. ಎಲ್ಲಾನೂ ನಾಲಿಗಿ ಮ್ಯಾಲ ಹಾಕಿ ಕೈ ತೊಳಕೊಂಡ್ರ ನನಗ ಹಗುರ ಆಗತೈತಿ. ಆದರ ಅದು ಖರೇ ಅಲ್ಲ." ಬೇರೆಯವರಾಗಿದ್ದರೆ ಆ ನೆಪವನ್ನು ಬಿಡುತ್ತಿರಲಿಲ್ಲ. ಅವರು ಅದನ್ನೂ ಹಿಡಿದುಕೊಳ್ಳಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಕಟ್ಟಡದ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದೆವು. ಅವರ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ, ಹಸಿಮೆಣಸಿನಕಾಯಿ. ನನ್ನ ಡಬ್ಬಿಯಲ್ಲಿ ಬೇಯಿಸಿದ ಪಲ್ಯ, ಮಜ್ಜಿಗೆ ಅನ್ನ. ದಿನಾ ನನ್ನದರಿಂದ ಒಂದು ಚಮಚ ತೆಗೆದುಕೊಂಡು, "ಚಂದ ಆಗೇತಿ," ಎನ್ನುವರು. ಉಣ್ಣುವಾಗ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಬೇರೆ ಯಾರಾದರೂ ಆ ಕಡೆ ಬಂದರೆ ಡಬ್ಬಿಯ ಮುಚ್ಚಳವನ್ನು ಅರ್ಧ ಎಳೆದುಕೊಳ್ಳುವರು. ನಾನೊಬ್ಬಳೇ ಇದ್ದಾಗ ಮುಚ್ಚಳ ಬೆಂಚಿನ ಮೇಲಿರುತ್ತಿತ್ತು. ಆ ನಂಬಿಕೆಯ ಬೆಲೆ ನನಗೆ ಆಗ ತಿಳಿಯಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗ ಅವರ ಮೊಣಕಾಲು ಕೈಕೊಟ್ಟಿತು. ಅಬಿಡ್ಸ್‌ನಲ್ಲಿ ಒಬ್ಬ ಎಲುಬಿನ ಡಾಕ್ಟರಿಗೆ ತೋರಿಸಿದರು. ಹದಿನೈದು ಕಿಲೋ ಇಳಿಸಿ ಬನ್ನಿ, ಆಮೇಲೆ ಆಪರೇಶನ್ ಮಾತಾಡೋಣ ಎಂದರಂತೆ ಡಾಕ್ಟರು. ಅಕ್ಕಾರು ಅದನ್ನು ನನಗೆ ಹೇಳುವಾಗ ನಗಲಿಲ್ಲ.

"ನಾಳಿಯಿಂದ ನಿಮ್ಮ ಊಟ ನನ್ನ ಕಡೆ," ಎಂದೆ. "ಎರಡೂ ಹೊತ್ತು. ನಾ ಏನು ಕೊಡ್ತೀನೋ ಅದು, ಎಷ್ಟು ಕೊಡ್ತೀನೋ ಅಷ್ಟು."

"ಜೇಲಿನ ಊಟ ಅನ್ನು."

"ಹಂಗ ತಿಳಕೋರಿ. ಆರು ತಿಂಗಳ ಸಜಾ."

ಒಂದೇ ಓಣಿಯವರಾದ್ದರಿಂದ ಕಷ್ಟವೇನಿರಲಿಲ್ಲ. ಬೆಳಿಗ್ಗೆ ಒಂದು ಡಬ್ಬಿ, ಸಂಜೆ ಒಂದು ಡಬ್ಬಿ. ಎರಡು ತೆಳ್ಳನೆಯ ಜೋಳದ ರೊಟ್ಟಿ, ನೀರಲ್ಲಿ ಬೇಯಿಸಿದ ಪಲ್ಯ, ಉಪ್ಪು ಕಡಿಮೆ, ಎಣ್ಣೆ ಇಲ್ಲವೇ ಇಲ್ಲ, ತೆಳು ಮಜ್ಜಿಗೆ. ಎಷ್ಟು ಹಾಕಬೇಕೆಂದು ನಾನು ಯಾರನ್ನೂ ಕೇಳಲಿಲ್ಲ. ಸಂಸ್ಥೆಯ ತುಂಬ ಊಟದ ಬಗ್ಗೆ ಓದಿದವರು ಇದ್ದರು, ಒಬ್ಬರನ್ನಾದರೂ ಕೇಳಬಹುದಿತ್ತು. ನನ್ನ ತಟ್ಟೆ ನೋಡಿ ಅವರ ತಟ್ಟೆ ಹಾಕಿದೆ. ನನಗೆ ಹೊಟ್ಟೆ ತುಂಬುವಷ್ಟು, ನನಗೆ ರುಚಿಯಾಗುವ ಹಾಗೆ.

ಅವರು ಒಂದು ದಿನವೂ ಬೇಡವೆನ್ನಲಿಲ್ಲ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದೆಂದು ತೊಳೆದ ಡಬ್ಬಿಯಲ್ಲಿ ಏನಾದರೂ ಇಟ್ಟು ಕಳಿಸುವರು. ನಾಲ್ಕು ಎಸಳು ಕರಿಬೇವು, ಒಂದು ನಿಂಬೆಹಣ್ಣು, ಒಂದು ದಿನ ಬರಿ ಎರಡು ಲವಂಗ.

ಮೊದಲು ನಾಲ್ಕು ಕಿಲೋ ಇಳಿಯಿತು. ಆಮೇಲೆ ನಿಂತಿತು. ನಾನು ಒಂದು ರೊಟ್ಟಿ ಇನ್ನೂ ತೆಳ್ಳಗೆ ತಟ್ಟಿದೆ. ಆದರೂ ಇಳಿಯಲಿಲ್ಲ. ನನ್ನ ಮನಸ್ಸಿನಲ್ಲಿ ಅನುಮಾನ ಹೊಕ್ಕಿತು.

ಆರನೆಯ ತಿಂಗಳಿನ ಒಂದು ಶನಿವಾರ ಮಧ್ಯಾಹ್ನ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ಸಿಗೆ ನಡೆದು ಬರುವಾಗ ಮೂಲೆಯ ಇರಾನಿ ಹೋಟೆಲಿನ ಒಳಗೆ ಅಕ್ಕಾರು ಕಂಡರು. ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಮುಂದೆ ತಟ್ಟೆ, ಕಪ್ಪು. ತಿನ್ನುತ್ತಿದ್ದರು.

ನನಗೆ ಏನಾಯಿತೋ. ಎಂದೂ ಜೋರಾಗಿ ಮಾತಾಡದವಳು ಒಳಗೆ ನುಗ್ಗಿ ಅವರ ಮೇಜಿನ ಮುಂದೆ ನಿಂತೆ.

"ಇದಕ್ಕೇನ್ರಿ ನಾ ಎದ್ದು ರೊಟ್ಟಿ ಬಡೀತಿರೋದು? ನನ್ನ ಕಣ್ಣಿಗೆ ಮಣ್ಣು ಹಾಕಿ ಇಲ್ಲಿ ಬಂದು ತಿನ್ನಾಕತ್ತೀರಿ? ನಾಚಿಕಿ ಬರಂಗಿಲ್ಲ? ಬಾಯಿ ಕಟ್ಟಾಕ ಆಗಂಗಿಲ್ಲಂದ್ರ ಸಾಯ್ರಿ ಹಿಂಗ ತಿಂದು ತಿಂದು!"

ಕನ್ನಡದಲ್ಲೇ ಹೇಳಿದ್ದು. ಆದರೆ ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಹೋಟೆಲಿನಲ್ಲಿದ್ದ ಗಂಡಸರೆಲ್ಲ ತಿರುಗಿ ಅಕ್ಕಾರನ್ನು, ಅವರ ಮೈಯನ್ನು, ಅವರ ತಟ್ಟೆಯನ್ನು ನೋಡಿದರು. ಯಾರೋ ನಕ್ಕರು. ಅಕ್ಕಾರು ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕೈಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟರು. ಮೆಲ್ಲಗೆ ಹೇಳಿದರು:

"ಹಸಿವಿ ಆಗಿತ್ತು ತಂಗಿ."

ನಾನು ಹೊರಟು ಬಂದೆ. ಸೋಮವಾರ ಬೆಳಿಗ್ಗೆ ನನ್ನ ಬಾಗಿಲ ಚಿಲಕಕ್ಕೆ ಚೀಲ ತೂಗುಹಾಕಿತ್ತು. ಒಳಗೆ ಎರಡೂ ಡಬ್ಬಿ. ತೊಳೆದು ಒರೆಸಿದ್ದವು. ಖಾಲಿಯಾಗಿದ್ದವು.

ಅಲ್ಲಿಂದ ಅವರು ನಿವೃತ್ತರಾಗುವವರೆಗೂ ನಮ್ಮಿಬ್ಬರ ನಡುವೆ ಕೆಲಸದ ಮಾತು ಮಾತ್ರ. ನೀರು ಕೊಡು, ಕಪ್ಪು ತಾ. ಅವರು ಕಲ್ಲುಬೆಂಚಿಗೆ ಬರುವುದನ್ನು ಬಿಟ್ಟರು. ಎಲ್ಲಿ ಉಣ್ಣುತ್ತಿದ್ದರೋ ನನಗೆ ಗೊತ್ತಿಲ್ಲ. ಕೊನೆಯ ದಿನ ಹಾರ ಹಾಕಿ ಭಾಷಣ ಮಾಡಿದರು. ಒಬ್ಬರು ಅವರಿಗೆ "ಇನ್ನು ಮ್ಯಾಲಾದರೂ ಆರೋಗ್ಯದ ಕಡೆ ಗಮನ" ಕೊಡಲು ಹೇಳಿದರು. ಅಕ್ಕಾರು ಕೈಮುಗಿದರು. ಎಲ್ಲ ಮುಗಿದ ಮೇಲೆ ನಾನು ಬೇಸಿನ್ನಿನ ಹತ್ತಿರ ಕಪ್ಪು ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು.

"ನಿನ್ನ ಮ್ಯಾಲ ಸಿಟ್ಟಿಲ್ಲ," ಎಂದರು. "ನಿನ್ನ ಹೊಟ್ಟಿಗೆ ಎರಡು ರೊಟ್ಟಿ ಸಾಕು. ನೀ ಅದನ್ನ ಕೊಟ್ಟಿ. ಆದರ ಒಂದು ಮಾತು ತಂಗಿ. ನಿನ್ನ ಪಲ್ಯಾ ನನ್ನ ಬಾಯಾಗ ಆ ಮೊದಲನೇ ಕಾಗದ ಇದ್ದಂಗ ಇರ್ತಿತ್ತು. ಆರು ತಿಂಗಳು ಕಾಗದ ತಿಂದೆ, ನಿನ್ನ ಮುಖ ನೋಡಿ. ಶನಿವಾರಕ್ಕೊಮ್ಮೆ ಮೊಣಕಾಲಿನ ಕಸರತ್ತಿಗೆ ಡಾಕ್ಟರ ಕಡೆ ಹೋದಾಗ ಮಾತ್ರ ತಡೀಲಾರದ ಆ ಹೋಟೆಲಿಗೆ ಹೋಗ್ತಿದ್ದೆ."

ಆಗ ತಿರುಗಿ ಅವರ ಕೈ ಹಿಡಿದುಕೊಂಡಿದ್ದರೆ ಸಾಕಿತ್ತು. ನನ್ನ ಕೈ ಸೋಪಿನ ನೀರಿನಲ್ಲಿತ್ತು. "ಇನ್ನೊಂದು ಟ್ರೇ ತೊಳೀಬೇಕ್ರಿ," ಎಂದೆ. ಅವರು ಆ ಟ್ರೇಯನ್ನು ನನ್ನ ಕಡೆ ಸರಿಸಿಟ್ಟು ಹೋದರು. ನಾಲ್ಕು ತಿಂಗಳಿಗೆ ಅವರ ಎದೆ ನಿಂತಿತು. ಈ ನಾಲ್ಕು ತಿಂಗಳಲ್ಲಿ ದಿನಾ ಅವರ ಮನೆಯ ಮುಂದೆಯೇ ಹಾದುಹೋಗುತ್ತಿದ್ದೆ. ಇವತ್ತು ಮೆಟ್ಟಿಲು ಹತ್ತಿ ಹೋಗಬೇಕು ಎಂದುಕೊಳ್ಳುತ್ತಿದ್ದೆ.

ಹದಿಮೂರನೆಯ ದಿನದ ಊಟ ಇಲ್ಲೇ ಮಾಡಿ ಮನೆ ಖಾಲಿ ಮಾಡುತ್ತೇವೆ ಎಂದಿದ್ದ ಅವರ ತಮ್ಮನ ಹೆಂಡತಿ, ಎರಡು ದಿನ ಮೊದಲು ನನಗೆ ಫೋನ್ ಮಾಡಿದರು.

"ಎಡಿಗೆ ಅಕ್ಕಾರಿಗೆ ಸೇರೋದು ಇಡಬೇಕ್ರಿ. ನಮಗ ಏನೂ ಗೊತ್ತಿಲ್ಲ. ಇವರನ್ನ ಕೇಳಿದರ, ಅಕ್ಕಗ ಎಲ್ಲಾ ಸೇರತಿತ್ತು ಅಂತಾರ. ನೀವು ಅಷ್ಟು ವರ್ಷ ಜೋಡೀಲೆ ಉಂಡೀರಿ. ಏನು ಮಾಡ್ಲಿ ಹೇಳ್ರಿ."

ಅವರಿಗೆ ಯಾವ ಕಹಿ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಏನು ತಿನ್ನಬಾರದು ಎಂದು ಗೊತ್ತಿತ್ತು. ಏನು ಇಷ್ಟ ಎಂದು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಆ ಶನಿವಾರ ಅಷ್ಟು ಹತ್ತಿರ ನಿಂತು ಕೂಗಾಡಿದೆ, ತಟ್ಟೆಯಲ್ಲಿ ಏನಿತ್ತು ಎಂದು ನೋಡಿರಲಿಲ್ಲ.

"ನಾಳಿ ಹೇಳ್ತೀನ್ರಿ," ಎಂದೆ.

ಮರುದಿನ ಅಬಿಡ್ಸ್‌ಗೆ ಹೋದೆ. ಹೋಟೆಲಿಗೆ ಒಬ್ಬಳೇ ಹೋಗಿ ಕುಳಿತದ್ದು ನನ್ನ ಜೀವನದಲ್ಲಿ ಅದೇ ಮೊದಲು. ವಯಸ್ಸಾದ ವೇಟರ್ ಬಂದರು. ಅಕ್ಕಾರ ಗುರುತು ಹೇಳುವುದು ಹೇಗೆಂದು ತಿಳಿಯದೆ ಎರಡೂ ಕೈ ಅಗಲ ಮಾಡಿದೆ, ಆಮೇಲೆ ನಾಚಿಕೆಯಾಗಿ ಇಳಿಸಿದೆ. ಅವರಿಗೆ ಗೊತ್ತಾಯಿತು.

"ವೋ ಅಮ್ಮಾ? ಹರ್ ಶನಿವಾರ್ ಆತೇ ಥೇ. ಏಕ್ ಬನ್ ಮಸ್ಕಾ, ಏಕ್ ಚಾಯ್. ಮಸ್ಕೇ ಕೇ ಊಪರ್ ಥೋಡಾ ನಮಕ್ ಡಾಲ್ ಕೋ."

"ಔರ್ ಕ್ಯಾ?" ಎಂದೆ.

"ಔರ್ ಕುಛ್ ನೈ. ಬಸ್, ಏಕೀಚ್ ಬನ್. ಕೈಕು, ಅಬ್ ನೈ ಆ ರೈ ಉನೋ?"

ಈಗ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಊರಿಗೆ ಹೋಗಿದ್ದಾರೆ ಎಂದೆ. ಶನಿವಾರಕ್ಕೊಂದು ಚಹಾ, ಒಂದೇ ಬನ್ನು, ಬೆಣ್ಣೆ, ಮೇಲೆ ಉಪ್ಪು. ಅಷ್ಟಕ್ಕೆ ನಾನು ಸಾಯಿರಿ ಎಂದಿದ್ದೆ.

ಹದಿಮೂರನೆಯ ದಿನ ಬೆಳಿಗ್ಗೆ ಅದೇ ಹೋಟೆಲಿನಿಂದ ಒಂದು ಬನ್ ಮಸ್ಕಾ ಕಟ್ಟಿಸಿಕೊಂಡು, ಉಪ್ಪು ಹಾಕಿಸಿಕೊಂಡು ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಓಣಿಯ ಹೆಂಗಸರು ಸುತ್ತ ಇದ್ದರು. ಪೊಟ್ಟಣ ನೋಡಿ ತಮ್ಮನ ಹೆಂಡತಿಗೆ ಸಂಕಟವಾಯಿತು.

"ಬೇಕರೀದು ಎಡಿ ಮ್ಯಾಲ ಇಡಾಕ ಬರೂದಿಲ್ರಿ. ತಪ್ಪು ತಿಳೀಬ್ಯಾಡ್ರಿ."

"ಬರೇ ಒಂದು ಬನ್ ತಿಂದು ಅಷ್ಟು ಮೈ ಬಂದಿತ್ತೇನು?" ಎಂದರು ಕೆಳಗಿನ ಮನೆಯ ಹಿರಿಯ ಹೆಂಗಸು. ಕೆಟ್ಟ ಮನಸ್ಸಿನಿಂದಲ್ಲ. ಅವರಿಗೆ ಹಾಗೇ ಮಾತಾಡಿ ರೂಢಿ.

ಈ ಸಲ ನಾನು ಹೇಳಿದೆ.

"ಅವರು ಬಾಯಿ ಕಟ್ಟಿದ್ರು ರೀ. ಆರು ತಿಂಗಳು ಕಟ್ಟಿದ್ರು. ನಾ ಕೊಟ್ಟದ್ದು ಅವರ ಹೊಟ್ಟಿಗೆ ಸಾಲತಿರಲಿಲ್ಲ, ನಾಲಿಗಿಗೆ ಹತ್ತತಿರಲಿಲ್ಲ. ವಾರಕ್ಕ ಒಂದು ಬನ್ ತಿಂದ್ರು. ಅದಕ್ಕ ನಾ ಹತ್ತು ಮಂದಿ ಮುಂದ, ತಿಂದು ತಿಂದು ಸಾಯ್ರಿ ಅಂದೆ. ಬೈಯೋದಿದ್ರ ನನಗ ಬೈರಿ. ಅವರಿಗೆ ಇನ್ನ ಅನಬ್ಯಾಡ್ರಿ."

ತಮ್ಮನ ಹೆಂಡತಿ ಹಂಚಿನ ಮೇಲಿನ ಹೋಳಿಗೆ ತಿರುವಿ ಹಾಕಿದರು. ಹಿರಿಯ ಹೆಂಗಸು ಸೆರಗು ಎಳೆದುಕೊಂಡು ಕಿಟಕಿಯ ಕಡೆ ನೋಡಿದರು.

ನಾನು ಪೊಟ್ಟಣ ತೆಗೆದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಕಾಗದ ಬಿಚ್ಚಿದೆ. ಬಿಸಿಲಿಗೆ ಬೆಣ್ಣೆ ಕರಗಿ ಬನ್ನಿನೊಳಗೆ ಇಳಿದಿತ್ತು. ಮೊದಲ ತುತ್ತಿಗೇ ಗಂಟಲು ಜಿಡ್ಡಾಯಿತು. ಉಗುಳಬೇಕೆನಿಸಿತು. ಉಗುಳಲಿಲ್ಲ. ನಿಧಾನವಾಗಿ ಅಗಿದೆ. ಬನ್ನಿನ ಸಿಹಿ ಒಂದು ಕಡೆ, ಉಪ್ಪು ಒಂದು ಕಡೆ, ಬೆಣ್ಣೆ ಒಂದು ಕಡೆ, ಮೂರೂ ನನಗೆ ಬೇರೆ ಬೇರೆಯಾಗಿಯೇ ಹತ್ತಿದವು. ಅವರ ಬಾಯಲ್ಲಿ ಅವು ಸೇರಿ ಏನಾಗುತ್ತಿದ್ದವು ಎಂದು ತಿಳಿಯಲು ಪ್ರತಿ ತುತ್ತಿಗೂ ಪ್ರಯತ್ನ ಮಾಡಿದೆ. ತಿಳಿಯಲಿಲ್ಲ. ಅದು ನನ್ನ ನಾಲಿಗೆಗೆ ಎಂದೂ ತಿಳಿಯುವುದಿಲ್ಲ. ಆದರೂ ಪೂರ್ತಿ ತಿಂದೆ. ಇಪ್ಪತ್ತು ವರ್ಷ ಅವರು ನನ್ನ ಊಟ ಉಂಡು ಚೆನ್ನಾಗಿದೆ ಎಂದಿದ್ದರು. ಅವರ ಊಟ ನಾನು ಉಂಡದ್ದು ಅವತ್ತೊಂದೇ ದಿನ.

ಒಳಗಿನಿಂದ ತಮ್ಮನ ಹೆಂಡತಿ ಕರೆದರು. "ಬರ್ರಿ, ಎಲಿ ಹಾಕೇವಿ."

"ನಂದು ಊಟ ಆತ್ರಿ," ಎಂದೆ.